ದೇವರ ಜಗಲಿಯ ಅಳತೆಕಡ್ಡಿ

ಮೊನ್ನೆ ಕುಷ್ಟಗಿಯಿಂದ ಇಬ್ಬರು ಬಂದಿದ್ದರು. ಇಬ್ಬರೂ ನಮ್ಮ ಬಡಿಗೇರ ಮಂದಿಯೇ, ಮನೆಯ ಪಡಸಾಲೆಯಲ್ಲಿ ಹೊಸದಾಗಿ ಮರಗೆಲಸ ಹೂಡಿದವರು. ಚಹಾದ ಬಟ್ಟಲು ಕೆಳಗಿಡುವ ಮೊದಲೇ ಒಬ್ಬ ಬಾಯಿಬಿಟ್ಟ.

"ಅಜ್ಜಾರ, ಕೆಲಸ ಲಗೂ ಮುಗಿಯೋ ಯುಕ್ತಿ ನಾಕು ಹೇಳ್ರಿ. ಬರಕೊಂಡು ಹೋಗ್ತೀವಿ."

ನನಗೆ ಮೈಯೆಲ್ಲ ಉರಿಯಿತು. "ಉಳಿ ಯಾವಾಗ ಮಸೀತೀರಿ?" ಎಂದು ಕೇಳಿದೆ.

"ವಾರಕ್ಕೊಮ್ಮಿ ಮಸೀತೀವ್ರಿ."

"ಹಂಗಾರ ಎದ್ದು ಹೋಗ್ರಿ. ಮೊಂಡ ಉಳಿಗೆ ಯಾವ ಯುಕ್ತಿನೂ ಇಲ್ಲ."

ಪಾಪ, ಎದ್ದು ಹೋದರು. ಅವರು ಹೋದ ಮೇಲೆ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಬಲ್ಲದ್ದನ್ನು ಬಚ್ಚಿಟ್ಟುಕೊಂಡ ಹಿರಿಯರನ್ನು ಜೀವಮಾನವಿಡೀ ಬೈದವನು ನಾನು. ಕೈ ನಡುಗಲು ಶುರುವಾಗಿ ಬಾಚಿ ಕೆಳಗಿಟ್ಟ ಮೇಲೆ ಅದೇ ಚಾಳಿ ನನಗೂ ಅಂಟಿತೇ? ಅದಕ್ಕೇ ಬರೆಯಲು ಕೂತಿದ್ದೇನೆ. ಓದುವವರು ಓದಲಿ, ಬಿಡುವವರು ಬಿಡಲಿ.

ಮೊದಲು ಸಣ್ಣಪುಟ್ಟವನ್ನು ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಎಲ್ಲ ಉಳಿಗಳನ್ನೂ ಮಸೆದು ಬಲಗೈಗೆ ಸಿಗುವಂತೆ ಸಾಲಾಗಿ ಇಟ್ಟುಕೊಳ್ಳಿ. ಮೊಂಡ ಉಳಿಯ ಮೇಲೆ ಕೊಡತಿ ಬಾರಿಸುವವನು ಡೊಳ್ಳು ಬಾರಿಸುತ್ತಿರುತ್ತಾನೆಯೇ ಹೊರತು ಕೆಲಸ ಮಾಡುತ್ತಿರುವುದಿಲ್ಲ. ಗರಗಸ ಮರದಲ್ಲಿ ಕಚ್ಚಿಕೊಂಡರೆ ಅದರ ಎರಡೂ ಮೈಗೆ ಔಡಲೆಣ್ಣೆಯ ಬಟ್ಟೆ ಒರೆಸಿ. ಮಂಚದ ಕಾಲಿನ ತೂತಿನಲ್ಲಿ ಪಟ್ಟಿಯ ತಲೆ ಕೂರದಿದ್ದರೆ ಕಂಡಲ್ಲೆಲ್ಲ ಕೆತ್ತುತ್ತ ಹೋಗಬೇಡಿ. ಪಟ್ಟಿಯ ತಲೆಗೆ ದೀಪದ ಮಸಿ ಸವರಿ, ಒಮ್ಮೆ ತೂತಿಗೆ ತುರುಕಿ ಹೊರಗೆ ತೆಗೆಯಿರಿ. ಎಲ್ಲಿ ಉಜ್ಜಿದೆಯೋ ಅಲ್ಲಿ ಮಸಿ ಅಳಿಸಿರುತ್ತದೆ. ಅಷ್ಟನ್ನೇ ಕೆತ್ತಿ. ಅರ್ಧ ದಿನದ ಕೆಲಸ ಅರ್ಧ ತಾಸಿಗೆ ಬರುತ್ತದೆ.

ಮೊಳೆ ಹೊಡೆದರೆ ಹಲಗೆ ಸೀಳುತ್ತದೆಯೇ? ಮೊಳೆಯ ಮೊನೆಗೆ ಸುತ್ತಿಗೆಯಿಂದ ಒಂದು ಏಟು ಹಾಕಿ ಮೊಂಡ ಮಾಡಿ, ಆಮೇಲೆ ಹೊಡೆಯಿರಿ. ಚೂಪು ಮೊಳೆ ಮರದ ಎಳೆಗಳನ್ನು ಅಗಲಿಸಿ ಸೀಳುತ್ತದೆ, ಮೊಂಡ ಮೊಳೆ ಎಳೆಯನ್ನು ಮುರಿದುಕೊಂಡು ಇಳಿಯುತ್ತದೆ. ಇಷ್ಟು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಯಾಕೆ ಗೊತ್ತೇ? ನನಗೆ ಕೆಲಸ ಕಲಿಸಿದ ಸೋದರಮಾವ ಕಾಳಪ್ಪ ಮೊನೆ ಮೊಂಡ ಮಾಡುವಾಗ ನನ್ನ ಕಡೆ ಬೆನ್ನು ತಿರುಗಿಸಿ ಕೂರುತ್ತಿದ್ದ! ನಾನು ಅವನ ಸ್ವಂತ ತಂಗಿಯ ಮಗ. ಅವನ ಮನೆಯಲ್ಲೇ ಉಂಡು, ಅವನ ಪಡಸಾಲೆಯಲ್ಲೇ ದುಡಿದವನು. ನನ್ನ ಮುಂದೆಯೂ ಮೊಳೆ ಬಚ್ಚಿಡುವ ಮನುಷ್ಯನಿಗೆ ಏನೆನ್ನಬೇಕು?

ಈಗ ಬಿಟ್ಟಿ ಚಾಕರಿಯ ಮಾತು. ನಮ್ಮ ತಾವರಗೇರಾ ಆಗ ನಿಜಾಮರ ಸೀಮೆ. ನನಗೆ ಇಪ್ಪತ್ತರ ಆಸುಪಾಸು, ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಸರಕಾರಿ ಸಾಹೇಬರು ಊರಿಗೆ ಬರುತ್ತಾರೆಂದರೆ ಬಡಿಗ, ಕುಂಬಾರ, ಅಗಸ ಎಲ್ಲರಿಗೂ ಕೂಲಿಯಿಲ್ಲದ ದುಡಿತ. ಒಂದು ಬೆಳಿಗ್ಗೆ ಒಬ್ಬ ಜವಾನ ಬಂದು ಪಡಸಾಲೆಯ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ.

"ಸಾಹೇಬ್ರು ಬರ್ತಾರ. ಸಂಜಿ ಒಳಗ ನಾಕು ಮಂಚ ಚಾವಡಿಗೆ ಬರಬೇಕು."

"ಒಂದ ದಿನದಾಗ ನಾಕು ಮಂಚ ಹೆಂಗ ಆಗ್ತಾವ್ರಿ?" ಅಂದೆ.

"ಆಗಲಿಲ್ಲಂದ್ರ ನೀನ ನಾಕು ಕಾಲ ಮ್ಯಾಲೆ ನಿಲ್ಲು. ನಿನ್ನ ಮ್ಯಾಲ ಮಲಗ್ತಾರ."

ಮಾವ ನನ್ನ ಕೈ ಹಿಡಿದುಕೊಳ್ಳದಿದ್ದರೆ ಆ ದಿನ ಏನಾಗುತ್ತಿತ್ತೋ. ಹಲ್ಲು ಕಚ್ಚಿ ಕೆಲಸಕ್ಕೆ ಕೂತೆ. ನಾಲ್ಕು ಮಂಚಕ್ಕೆ ಹದಿನಾರು ಕಾಲು. ಒಂದೊಂದನ್ನೇ ಅಳೆದು ಗುರುತು ಹಾಕಿದರೆ ಮಧ್ಯಾಹ್ನ ಅಲ್ಲೇ ಆಗುತ್ತಿತ್ತು. ಸಿಟ್ಟಿನಲ್ಲೇ ಒಂದು ದಾರಿ ಹೊಳೆಯಿತು. ಹದಿನಾರನ್ನೂ ನೆಲದ ಮೇಲೆ ಒತ್ತಾಗಿ ಜೋಡಿಸಿ, ತುದಿ ಸಮ ಮಾಡಿ, ಹಗ್ಗದಿಂದ ಬಿಗಿದು, ಅಡ್ಡ ಗೆರೆ ಒಂದೇ ಸಲ ಎಳೆದೆ. ಆಮೇಲೆ ಎಲ್ಲ ತೂತು ಒಟ್ಟಿಗೆ, ಎಲ್ಲ ಪಟ್ಟಿ ಒಟ್ಟಿಗೆ. ಒಂದು ಬಗೆಯ ಕೆಲಸ ಪೂರಾ ಮುಗಿಯುವ ತನಕ ಇನ್ನೊಂದು ಹತಾರ ಮುಟ್ಟಲಿಲ್ಲ. ಹೊತ್ತು ಇಳಿಯುವುದರೊಳಗೆ ನಾಲ್ಕೂ ಮಂಚ ನಿಂತವು. ಎಂದೂ ಹೊಗಳದ ಮಾವ "ಛಲೋ ಮಾಡಿದಿ ಮೌನ್ಯಾ" ಅಂದ.

ಸಾಹೇಬರು ಬಂದರೇನು? ಬಂದರು. ಚಾವಡಿಯಲ್ಲಿ ಹಾಲು ಕುಡಿದು, ಮಂಚದ ಕಡೆ ಕಣ್ಣೆತ್ತಿಯೂ ನೋಡದೆ ಯಲಬುರ್ಗಿಗೆ ಹೋಗಿಯೇಬಿಟ್ಟರು! ಮಂಚಗಳು ಚಾವಡಿಯಲ್ಲೇ ಉಳಿದು, ಊರ ಗೌಡರು ಕೂರುವ ಆಸನವಾದವು. ಆ ನೋವು ಇವತ್ತಿಗೂ ಹೋಗಿಲ್ಲ. ಆದರೆ ಒಟ್ಟಿಗೆ ಗುರುತು ಹಾಕುವ ಯುಕ್ತಿ ಮಾತ್ರ ಕೈಗೆ ಬಂತು. ಬಂದದ್ದೇ ತಡ, ನನ್ನಂಥ ಜಾಣ ಕೊಪ್ಪಳ ಗಂಗಾವತಿಯ ತನಕ ಇಲ್ಲ ಎಂಬ ಸೊಕ್ಕೂ ಬಂತು.

ಈ ಸೊಕ್ಕು ಮಾಡಿದ ಅನಾಹುತ ಹೇಳುವ ಮೊದಲು ಕೂರಿಗೆಯ ವಿಷಯ ಹೇಳಬೇಕು, ಈಗಿನವರಿಗೆ ಗೊತ್ತಿರುವುದಿಲ್ಲ. ಬೀಜ ಬಿತ್ತುವ ಕೂರಿಗೆಗೆ ಒಂದು ಅಡ್ಡ ದಿಂಡು, ದಿಂಡಿನಲ್ಲಿ ತೂತುಗಳು, ತೂತಿಗೊಂದು ತಾಳು, ಅಂದರೆ ನೆಲ ಸೀಳುವ ಹಲ್ಲು. ತಾಳಿನಿಂದ ತಾಳಿಗೆ ಎಷ್ಟು ಅಂತರವೋ ಹೊಲದಲ್ಲಿ ಸಾಲಿನಿಂದ ಸಾಲಿಗೆ ಅಷ್ಟೇ ಅಂತರ. ಪೈರು ಮೇಲೆದ್ದಾಗ ಆ ಸಾಲುಗಳ ನಡುವಿನ ಕಳೆ ಕೊಯ್ಯಲು ಎಡೆಕುಂಟೆ ಹೊಡೆಯುತ್ತಾರೆ. ಅದರ ಕಬ್ಬಿಣದ ಅಲಗು, ಅಂದರೆ ಕುಡ, ಸಾಲಿನ ಅಂತರಕ್ಕಿಂತ ಎರಡು ಬೆರಳು ಕಡಿಮೆ, ಆಚೆ ಒಂದು ಬೆರಳು ಈಚೆ ಒಂದು ಬೆರಳು. ಕೂರಿಗೆಯ ಅಂತರ ತಪ್ಪಿತೋ, ಕುಂಟೆ ಕಳೆಯ ಬದಲು ಪೈರನ್ನೇ ಕೊಯ್ಯುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಕೂರಿಗೆಯ ಜೊತೆ ಅದೇ ಅಂತರದ ಒಂದು ಅಳತೆಕಡ್ಡಿ ಕೊಡುತ್ತಿದ್ದೆವು. ಒಕ್ಕಲಿಗರು ಅದನ್ನು ಮನೆಯ ಮಾಳಿಗೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಎಡೆಕುಂಟೆ ಮಾಡಿಸುವಾಗ ತರುತ್ತಿದ್ದರು.

ಈ ಎಲ್ಲ ಕಡ್ಡಿಗಳಿಗೂ ತಾಯಿಯಾದ ಕಡ್ಡಿ ಒಂದೇ. ನಮ್ಮ ಮುತ್ತಾತನ ಕಾಲದ್ದು, ಗಟ್ಟಿ ಕಮರ ಮರದ್ದು. ಅದು ಎಲ್ಲಿತ್ತು? ಹತಾರಗಳ ಜೊತೆ ಅಲ್ಲ. ಒಳಗೆ ದೇವರ ಜಗಲಿಯ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ ಕೂರಿಸಿದ್ದರು! ಮುಟ್ಟಬೇಕಾದರೆ ತಲೆಗೆ ಸ್ನಾನ ಮಾಡಬೇಕು, ಮಡಿ ಉಡಬೇಕು, ಮಾವನೇ ತೆಗೆದುಕೊಡಬೇಕು. ಹತಾರಕ್ಕೆ ಕೈಮುಗಿಯಿರಿ, ನಾನೂ ಮುಗಿಯುತ್ತೇನೆ. ಆದರೆ ದಿನಾ ಕೈಗೆ ಬೇಕಾದ ಅಳತೆಯನ್ನು ದೇವರ ಪಕ್ಕ ಕೂರಿಸಿ ಮಡಿಯ ಬೇಲಿ ಹಾಕಿದರೆ ಕೆಲಸ ಮಾಡುವವನು ಏನು ಮಾಡಬೇಕು?

ಆ ವರ್ಷ ಮುಂಗಾರಿಗೆ ಮುಂಚೆ ಹದಿನಾಲ್ಕು ಕೂರಿಗೆ ಮಾಡಿಕೊಡಬೇಕಿತ್ತು. ಹೇಮಗುಡ್ಡದ ಕಡೆಯಿಂದ ಜಾಲಿ ದಿಂಡು ಬಂದು ಬಿದ್ದಿದ್ದವು. ಮಾವನಿಗೆ ಸೊಂಟ ಹಿಡಿದಿತ್ತು, ಎಲ್ಲ ನನ್ನ ಮೇಲೆ. ಹದಿನಾಲ್ಕು ದಿಂಡನ್ನು ಮಂಚದ ಕಾಲಿನಂತೆ ಒಟ್ಟಿಗೆ ಬಿಗಿಯೋಣವೆಂದರೆ ಆಗದು. ಒಂದೊಂದು ದಿಂಡು ಒಂದೊಂದು ದಪ್ಪ, ಒಂದೊಂದು ಬಾಗು. ಒಂದೊಂದಕ್ಕೂ ಅದರದೇ ಕಡ್ಡಿ ಮಾಡಿ, ಆ ಕಡ್ಡಿಯಿಂದಲೇ ದಿಂಡಿಗೆ ಗುರುತು ಹಾಕಬೇಕು. ಮೊದಲ ಕಡ್ಡಿಯನ್ನು ಸ್ನಾನ ಮಾಡಿ, ಮಾವನಿಂದ ತಾಯಿಕಡ್ಡಿ ಇಸಿದುಕೊಂಡು ಕೊಯ್ದೆ. ಎರಡನೆಯದಕ್ಕೆ ಮತ್ತೆ ಸ್ನಾನವೇ? ಯಾಕೆ? ಮೊದಲನೆಯದು ಪಕ್ಕದಲ್ಲೇ ಬಿದ್ದಿದೆಯಲ್ಲ! ಅದನ್ನಿಟ್ಟು ಎರಡನೆಯದು ಕೊಯ್ದೆ. ಎರಡನೆಯದನ್ನಿಟ್ಟು ಮೂರನೆಯದು. ಹೀಗೆ ಹದಿನಾಲ್ಕರ ತನಕ. ಹದಿಮೂರು ಸ್ನಾನ ಉಳಿಸಿದೆ ಅಂತ ಒಳಗೊಳಗೇ ನಗುತ್ತಿದ್ದೆ.

ಏನಾಯಿತು ಗೊತ್ತೇ? ನನ್ನ ಗರಗಸದ ಹಲ್ಲು ಅಗಲ. ಪ್ರತಿ ಸಲ ಗೆರೆಯ ಒಳಮೈಯಲ್ಲಿ ಓಡಿ ಅರ್ಧ ಜೋಳದ ಕಾಳಿನಷ್ಟು ತಿಂದುಬಿಡುತ್ತಿತ್ತು. ಒಂದು ಕಡ್ಡಿಗೆ ಅರ್ಧ ಕಾಳು ಲೆಕ್ಕಕ್ಕಿಲ್ಲ. ಹದಿನಾಲ್ಕನೆಯ ಕಡ್ಡಿ ತಾಯಿಕಡ್ಡಿಗಿಂತ ಒಂದು ಬೆರಳಿಗೂ ಮಿಕ್ಕಿ ಗಿಡ್ಡವಾಗಿತ್ತು. ಅಕ್ಕಪಕ್ಕದ ಎರಡನ್ನು ಹೋಲಿಸಿ ನೋಡುತ್ತಿದ್ದ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಆ ಹದಿನಾಲ್ಕನೆಯ ಕೂರಿಗೆ ಹೋದದ್ದು ಗಂಗವ್ವನ ಮನೆಗೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆರು ಎಕರೆ ಕೆಂಪು ಮಸಾರಿ ಹೊಲವನ್ನು ತಾನೇ ನಿಂತು ಉಳುಮೆ ಮಾಡಿಸಿ, ಬಿತ್ತಿಸಿ, ಎಡೆಕುಂಟೆಯನ್ನು ತಾನೇ ಹಿಡಿಯುತ್ತಿದ್ದ ಗಟ್ಟಿ ಹೆಣ್ಣುಮಗಳು. ಆಕೆಯ ಹೊಲದ ಸಾಲು ನೋಡಿದರೆ ದಾರ ಹಿಡಿದು ಎಳೆದಂತೆ ಇರುತ್ತಿತ್ತು. ಗಂಡನ ಅಪ್ಪನ ಕಾಲದ ಹಳೆಯ ಕೂರಿಗೆಗೆ ಗೆದ್ದಲು ಹಿಡಿದಿದ್ದರಿಂದ ಹೊಸದು ಮಾಡಿಸಿದ್ದಳು. ಎಡೆಕುಂಟೆ ಮಾತ್ರ ಹಳೆಯದೇ.

ಗಂಗವ್ವನ ಮೈದುನ ಬಸಪ್ಪನಿಗೆ ಆ ಹೊಲದ ಮೇಲೆ ಮೊದಲಿನಿಂದಲೂ ಕಣ್ಣು. ಹೆಂಗಸಿನ ಕೈಯಲ್ಲಿ ಒಕ್ಕಲುತನ ಸಾಗದು, ಹೊಲ ತನ್ನ ಕೈಗೆ ಬರಲಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆಕೆಯ ಒಂದು ತಪ್ಪಿಗಾಗಿ ಕಾಯುತ್ತಿದ್ದ.

ಸಜ್ಜೆ ಗೇಣುದ್ದ ಎದ್ದಿತ್ತು. ಒಂದು ದಿನ ಗಂಗವ್ವ ನಮ್ಮ ಪಡಸಾಲೆಯ ಮುಂದೆ ಬಂದು ನಿಂತಳು. ಕೈಯಲ್ಲಿ ಎರಡು ಕಡ್ಡಿ. ಒಂದು ಹೊಗೆ ಹಿಡಿದು ಕರ್ರಗಾದದ್ದು, ಇನ್ನೊಂದು ನಾನು ಕೊಟ್ಟ ಹೊಸದು.

"ಕಾಳಪ್ಪಣ್ಣಾ, ಎಡಿ ಹೊಡದ್ರ ಬೆಳಿನ ಕೊಯ್ಯಾಕ ಹತ್ತೈತಿ. ನಾಕು ಸಾಲು ಹೋದ ಮ್ಯಾಲ ಕುಂಟಿ ನಿಲ್ಲಿಸಿ ಕಡ್ಡಿ ಅಳದು ನೋಡಿದೆ. ಇದು ನಿಮ್ಮಪ್ಪ ಕೊಟ್ಟ ಕಡ್ಡಿ, ಇದು ನೀವು ಕೊಟ್ಟ ಕಡ್ಡಿ. ಬೆರಳಿನಷ್ಟು ಫರಕ ಐತಿ ನೋಡ್ರಿ."

ಮಾವ ಕಡ್ಡಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಹಳೀ ಕಡ್ಡಿ ಮಳಿ ನೀರು ಕುಡದು ಉಬ್ಬಿರತೈತಿ ತಂಗಿ."

"ಮರ ಉಬ್ಬಿದ್ರ ದಪ್ಪ ಆಗತೈತಿ. ಉದ್ದ ಬೆಳಿತೈತೇನಣ್ಣಾ?"

ಬಡಿಗರ ಮನೆಯ ಬಾಗಿಲಲ್ಲಿ ನಿಂತು ಬಡಿಗರಿಗೇ ಮರದ ಗುಣ ಹೇಳಿಕೊಟ್ಟಳು, ಅದೂ ಸರಿಯಾಗಿ! ಮಾವನಿಗೆ ಅದೇ ತಡೆಯಲಿಲ್ಲ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಕುಂಟಿ ನೆಟ್ಟಗ ಹಿಡಿಯೋದು ಕಲಿ, ಹೋಗು."

ಗಂಗವ್ವ ನನ್ನ ಕಡೆ ಒಮ್ಮೆ ನೋಡಿ ಹೋದಳು. ನಾನು ತಲೆ ತಗ್ಗಿಸಿ ಹಲಗೆ ಉಜ್ಜುತ್ತಿದ್ದೆ. ಇಲ್ಲಿ ನೆಲವೇ ಡೊಂಕಿತ್ತು, ಡೊಂಕು ಮಾಡಿದವನು ನಾನು ಎಂದು ಅಷ್ಟರಲ್ಲಿ ನನಗೆ ತಿಳಿದುಹೋಗಿತ್ತು. ಆಕೆ ಓಣಿ ದಾಟುವುದರೊಳಗೆ ಮಾವನಿಗೆ ಎಲ್ಲ ಹೇಳಿದೆ.

"ಮಾವಾ, ತಪ್ಪು ನಂದು. ತಾಯಿಕಡ್ಡಿ ಇಟ್ಟು ಕೊಯ್ಲಿಲ್ಲ. ಒಂದರ ಮ್ಯಾಲೊಂದು ಇಟ್ಟು ಕೊಯ್ದೆ."

"ಯಾಕ? ನನ್ನ ಕೇಳಿದ್ರ ಕೊಡ್ತಿದ್ದಿಲ್ಲೇನು?"

"ಪ್ರತಿ ಸಲ ಜಳಕ ಮಾಡಿ ಬಾ ಅಂತಿದ್ರಿ."

"ಹೂಂ, ಜಳಕ ಮಾಡಿ ಕೇಳಿದ್ರ ಕೊಡ್ತಿದ್ದೆ!"

ಹಣೆ ಹಣೆ ಬಡಿದುಕೊಂಡೆ. ಆಕೆಯನ್ನು ಕರೆದು ಹೇಳೋಣ ಅಂದೆ. ಮಾವ ಬಾಗಿಲಿಗೆ ಅಡ್ಡ ನಿಂತ.

"ಬಡಿಗನ ಅಳತಿ ತಪ್ಪೇತಿ ಅಂತ ಊರಾಗ ಮಾತು ಎದ್ರ ನಾಳಿ ಈ ಬಾಗ್ಲಿಗೆ ಯಾರು ಬರ್ತಾರ? ಬಾಯಿ ಮುಚ್ಚಿಕೊಂಡು ಕೆಲಸ ಮಾಡು."

ನಾನೂ ಮುಚ್ಚಿಕೊಂಡೆ. ಮಾವನನ್ನು ಬೈದು ಜಾರಿಕೊಳ್ಳುವುದಿಲ್ಲ. ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ, ಥೂ! ಹದಿಮೂರನೆಯ ಕೂರಿಗೆ ಒಯ್ದ ಒಕ್ಕಲಿಗ, ಕುಂಟೆ ಬೆಳೆ ಕೊಯ್ದಾಗ, ತನ್ನ ಎಡಗಡೆಯ ಎತ್ತು ಅಡ್ಡಾದಿಡ್ಡಿ ಎಳೆಯುತ್ತದೆಂದು ಬಡಿದು ಬಡಿದು, ಕೊನೆಗೆ ಕುಷ್ಟಗಿ ಸಂತೆಯಲ್ಲಿ ಮಾರಿಯೇಬಿಟ್ಟ. ನನ್ನ ಕಡ್ಡಿಯ ತಪ್ಪಿಗೆ ಆ ಮೂಕಪ್ರಾಣಿ ಏಟು ತಿಂತು. ಗಂಗವ್ವ ಉಳಿದ ಹೊಲಕ್ಕೆಲ್ಲ ಕುಂಟೆ ಬಿಟ್ಟು ಕುರ್ಚಿಗೆಯೆಂಬ ಪುಟ್ಟ ಕೈಹತಾರ ಹಿಡಿದು, ಕುಕ್ಕರಗಾಲಲ್ಲಿ ಕೂತು ಕೈಯಿಂದ ಕಳೆ ತೆಗೆದಳು. ಆದರೆ ಕೊಯ್ದು ಬಿದ್ದ ನಾಲ್ಕು ಸಾಲು ದಾರಿಯ ಬದಿಯಲ್ಲೇ ಇದ್ದವು. ಬಸಪ್ಪನಿಗೆ ಅಷ್ಟು ಸಾಕಾಗಿತ್ತು. ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿದ.

ನಾನು ಬಿಟ್ಟಿಯಾಗಿ ಮಾಡಿದ ಅದೇ ಮಂಚದ ಮೇಲೆ ಗೌಡರು ಕೂತಿದ್ದರು. ನಾನೂ ಮಾವನೂ ಕಂಬದ ಹತ್ತಿರ ನಿಂತಿದ್ದೆವು.

"ಗೌಡ್ರ, ಹೊಲಕ್ಕ ಹೋಗಿ ನೋಡ್ರಿ," ಅಂದ ಬಸಪ್ಪ. "ಸಾಲಿಗೆ ಸಾಲ ಕೊಯ್ದು ಮಲಗಿಸ್ಯಾಳ. ನಮ್ಮಣ್ಣ ಇದ್ದಾಗ ಹಿಂಗ ಆಗಿತ್ತೇನು? ಹೊಲ ನಾ ಮಾಡ್ತೀನಿ. ಅಕಿಗೂ ಮಕ್ಳಿಗೂ ತಿನ್ನಾಕ ಹಾಕ್ತೀನಿ."

"ತಿನ್ನಾಕ ಹಾಕಾಕ ನಾ ಏನ ನಿನ್ನ ಬಾಗಲಾಗಿನ ನಾಯೇನೋ?" ಎಂದಳು ಗಂಗವ್ವ. ಎರಡೂ ಕಡ್ಡಿಯನ್ನು ಗೌಡರ ಮುಂದೆ ನೆಲದ ಮೇಲೆ ಇಟ್ಟಳು. "ನನ್ನ ಕೈ ತಪ್ಪಿಲ್ರಿ ಗೌಡ್ರ. ಕೂರಿಗಿ ಅಳತಿ ತಪ್ಪೇತಿ. ಅಳದು ನೋಡ್ರಿ."

ಗೌಡರು ನಕ್ಕರು. "ಯವ್ವಾ, ಎರಡು ಕಡ್ಡಿ ತಂದಿ. ಯಾವುದು ಖರೆ, ಯಾವುದು ಸುಳ್ಳು? ಒಂದನ್ನ ನೀನ ಮೋಟು ಮಾಡಿದ್ರ ನಮಗೇನ ಗೊತ್ತು?"

ಇನ್ನೊಬ್ಬರ ಕೂರಿಗೆ ತರಿಸಿ ಅಳೆಯೋಣ ಅಂತ ಒಬ್ಬ ಹಿರಿಯನಾದರೂ ಅನ್ನಬೇಡವೇ? ಅನ್ನಲಿಲ್ಲ. ಗೌಡರು ಮಾವನ ಕಡೆ ತಿರುಗಿದರು.

"ಏನಪಾ ಕಾಳಪ್ಪ, ನಿಮ್ಮ ಅಳತಿ ಬರೋಬ್ಬರಿ ಐತೇನು?"

"ನಾಕು ತಲಿಯಿಂದ ನಮ್ಮ ಮನಿ ಅಳತಿ ತಪ್ಪಿಲ್ರಿ ಗೌಡ್ರ."

ಮಾವ ನೆಲ ನೋಡುತ್ತ ಹೇಳಿದ. ನನಗೆ ಇನ್ನು ತಡೆಯಲಾಗಲಿಲ್ಲ. ಹಿಂದಕ್ಕೆ ಸರಿದು, ಒಂದೇ ಓಟಕ್ಕೆ ಮನೆಗೆ ಬಂದೆ. ಬೆಳಗಿನಿಂದ ಗರಗಸ ಎಳೆದ ಮೈ, ಸ್ನಾನವಿಲ್ಲ, ಮಡಿಯಿಲ್ಲ. ಅತ್ತೆ "ಲೇ ಮೌನ್ಯಾ, ಒಳಗ ಹೋಗಬ್ಯಾಡೋ!" ಎಂದು ಚೀರುತ್ತಿದ್ದರೂ ಜಗಲಿಯ ಮೇಲಿನ ಕೆಂಪು ಬಟ್ಟೆಗೆ ಕೈ ಹಾಕಿದೆ. ಅದೇ ಬೆವರುಗೈಯಲ್ಲಿ ತಾಯಿಕಡ್ಡಿ ಹಿಡಿದು ಚಾವಡಿಗೆ ಬಂದು, ಗೌಡರ ಮುಂದೆ ಬಟ್ಟೆ ಬಿಚ್ಚಿದೆ.

"ಗೌಡ್ರ, ಇದು ನಮ್ಮ ಮನಿ ಮೂಲ ಅಳತಿ. ಇದನ್ನ ಇಟ್ಟು ಕೊಯ್ಯಬೇಕಾಗಿತ್ತು, ನಾ ಕೊಯ್ಲಿಲ್ಲ. ತಪ್ಪು ನಂದು. ಅಕಿ ಕೈ ತಪ್ಪಿಲ್ಲ."

ಮಾವ ಮುಖ ಮುಚ್ಚಿಕೊಂಡ. ಗೌಡರು ಮಂಚದಿಂದ ಇಳಿದು ಮೂರು ಕಡ್ಡಿಯನ್ನೂ ಪಕ್ಕಪಕ್ಕ ಜೋಡಿಸಿದರು. ತಾಯಿಕಡ್ಡಿ ಮತ್ತು ಗಂಗವ್ವನ ಕರೀ ಕಡ್ಡಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತವು. ನನ್ನ ಹೊಸ ಕಡ್ಡಿ ಬೆರಳಿನಷ್ಟು ಹಿಂದೆ ಉಳಿಯಿತು.

"ಹೌದಲ್ಲ! ಖರೇನ ಐತಿ," ಎಂದು ಹಿರಿಯರೆಲ್ಲ ತಲೆದೂಗಿದರು. ಗಂಗವ್ವನ ಹೊಲದ ತಂಟೆಗೆ ಹೋಗಬೇಡ ಎಂದು ಗೌಡರು ಬಸಪ್ಪನಿಗೆ ಹೇಳಿದರು. ಎಲ್ಲ ಮುಗಿಯಿತು ಎಂದು ಮಂದಿ ಏಳುತ್ತಿದ್ದರು. ಗಂಗವ್ವ ಏಳಲಿಲ್ಲ.

"ಎರಡೂ ಒಂದ ಉದ್ದ ಅದಾವಲ್ರಿ ಗೌಡ್ರ," ಅಂದಳು. "ನಂದು ಆಗಿನಿಂದ ನಿಮ್ಮ ಕಾಲಾಗ ಬಿದ್ದಿತ್ತು. ಯಾರೂ ಬಗ್ಗಿ ನೋಡಲಿಲ್ಲ."

ಆಕೆ ತನ್ನ ಕರೀ ಕಡ್ಡಿ ಎತ್ತಿಕೊಂಡು ಹೋದಳು. ನನಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಯಾಕೆ ಆಡಬೇಕು? ಇಪ್ಪತ್ತು ದಿನ ತಡವಾಗಿ ನಿಜ ಹೇಳಿದವನಿಗೆ ಯಾವ ಬಹುಮಾನ?

ಮಾವ ಹೆದರಿದಂತೆ ಬಾಗಿಲಿಗೆ ಬರುವವರು ನಿಲ್ಲಲಿಲ್ಲ. ಮಾರನೆಯ ದಿನವೇ ಕೂರಿಗೆ ಹೊತ್ತುಕೊಂಡು ಸಾಲುಗಟ್ಟಿ ಬಂದರು, ಬೈದರು, ಅಳೆಸಿಕೊಂಡರು. ಹದಿನಾಲ್ಕನ್ನೂ ಅಳೆದೆ, ತಪ್ಪಿದ್ದಕ್ಕೆ ಹೊಸ ದಿಂಡು ಹಾಕಿಕೊಟ್ಟೆ. ಎರಡು ವಾರದ ದುಡಿತ. ಹದಿಮೂರು ಸ್ನಾನ ಉಳಿಸಿದ ಜಾಣ! ಮಾವ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟ. ತಾಯಿಕಡ್ಡಿಯನ್ನು ಮಾತ್ರ ನಾನು ತಿರುಗಿ ಜಗಲಿಗೆ ಇಡಲಿಲ್ಲ. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಬಂದವರು ಯಾರಾದರೂ ಬೆವರುಗೈಯಲ್ಲೇ ತೆಗೆದು ಅಳೆದುಕೊಳ್ಳಬಹುದು.

ಈಗ ನಿಮ್ಮ ಹತ್ತಿರ ಉಕ್ಕಿನ ಟೇಪು ಇದೆ, ಕರೆಂಟಿನ ಗರಗಸ ಇದೆ. ಇರಲಿ, ಬೇಡ ಅನ್ನುವುದಿಲ್ಲ. ಆದರೂ ಹತ್ತು ತುಂಡು ಬೇಕಾದರೆ ಉಳಿದ ಒಂಬತ್ತನ್ನೂ ಮೊದಲ ತುಂಡಿನಿಂದಲೇ ಗುರುತು ಮಾಡಿ. ಆ ಮೊದಲ ತುಂಡಿಗೆ ಬಣ್ಣ ಹಚ್ಚಿ ಬೇರೆ ಇಡಿ, ಬೇರೆಯದರ ಜೊತೆ ಬೆರೆಯದಂತೆ.

ಕುಷ್ಟಗಿಯವರು ಕೇಳಿದ ಯುಕ್ತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿಸುವುದು ಇನ್ನೊಂದಿದೆ. ಯಾರಾದರೂ ಎರಡು ಕಡ್ಡಿ ಹಿಡಿದು ಬಾಗಿಲಿಗೆ ಬಂದು ಅಳತೆ ತಪ್ಪಿದೆ ಅಂದರೆ, ಯಾರು ಏನು ಎಂದು ಮುಖ ನೋಡಬೇಡಿ, ಎದ್ದು ಅಳೆಯಿರಿ. ಗಂಗವ್ವ ಬಂದ ದಿನ ನಾವು ಅಷ್ಟು ಮಾಡಿದ್ದರೆ ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ.